ಕಣಜಕ್ಕೆ ಗೊತ್ತಿಲ್ಲದ ನಂಜು

"ಬೆಂಕಿ ಹಚ್ಚಬ್ಯಾಡ್ರಿ! ರೀ... ನಿಲ್ರಿ!"

ಬಸವೇಶ್ವರಿ ಗೀರಿದ ಕಡ್ಡಿ ಬೆರಳ ತುದಿಯಲ್ಲಿ ಹಾಗೇ ಉರಿಯುತ್ತಿತ್ತು. ತಲೆ ಎತ್ತಿ ನೋಡಿದರೆ ತೊಗರಿ ಸಾಲುಗಳ ನಡುವೆ ಒಬ್ಬ ಗಂಡಸು ಎದ್ದೆನೋ ಬಿದ್ದೆನೋ ಎಂದು ಓಡಿ ಬರುತ್ತಿದ್ದಾನೆ. ಬಂದವನೇ ಬಗ್ಗಿ, ಉಫ್ ಎಂದು ಆ ಕಡ್ಡಿಯನ್ನು ಆರಿಸಿಯೇಬಿಟ್ಟ!

ಸುತ್ತಲಿದ್ದ ಹೆಂಗಸರು ಬಾಯಿಗೆ ಸೆರಗು ಒತ್ತಿಕೊಂಡರು. ಜೇವರ್ಗಿ ಕಡೆಯ ಕೊಳಕೂರದಲ್ಲಿ ಜಗದೇವಪ್ಪ ಸಾವ್ಕಾರರ ಮಗಳ ಮುಂದೆ ಹೀಗೆ ನಡೆದುಕೊಂಡವರು ಇಲ್ಲಿಯವರೆಗೆ ಯಾರೂ ಇರಲಿಲ್ಲ.

"ಯಾರ್ರೀ ನೀವು? ತಲಿ ನೆಟ್ಟಗದ ಇಲ್ಲೋ?"

"ಕೆಂಪು ಬಟ್ಟಿ ಕಟ್ಟಿದ ಸಾಲು ಮುಟ್ಟಬ್ಯಾಡ್ರಿ ಅಂತ ಸಾವ್ಕಾರಿಗೆ ಹೇಳಿ ಹೋಗಿದ್ನಲ್ರಿ! ಆ ಸಾಲಿನ ಕೀಡಿನೇ ಸುಡಾಕ ಹತ್ತೀರಲ್ಲ!"

"ಕೆಂಪು ಬಟ್ಟಿ ಅಂದ್ರ ಕೀಡಿ ಭಾಳ ಬಿದ್ದಾವ, ಅದನ್ನ ಮೊದ್ಲ ಅಲ್ಲಾಡಸ್ರಿ ಅಂತ ಅರ್ಥ. ನಮ್ಮ ಹೊಲದಾಗ ನಮ್ಮಜ್ಜನ ಕಾಲದಿಂದ ಹಂಗೇ ಅದ. ನಿಮಗೇನ್ ಗೊತ್ತು?"

ತೊಗರಿ ಕಾಯಿ ಕಟ್ಟುವ ಹೊತ್ತಿಗೆ ಕಾಯಿಕೊರಕ ಹುಳು ಬಿದ್ದರೆ ಈ ಕಡೆ ಗಿಡ ಅಲ್ಲಾಡಿಸುವುದು ರೂಢಿ. ಇಬ್ಬರು ಹೆಂಗಸರು ಸಾಲಿನ ನಡುವೆ ತಾಡಪತ್ರಿ ಹಿಡಿದು ನಿಲ್ಲುತ್ತಾರೆ. ಮೂರನೆಯವಳು ಗಿಡ ಹಿಡಿದು ಜಾಡಿಸುತ್ತಾಳೆ. ಪಟಪಟನೆ ಉದುರಿದ ಹುಳುಗಳನ್ನು ತಗ್ಗಿಗೆ ಸುರಿದು ಸುಟ್ಟರೆ ಮುಗಿಯಿತು. ಯಾವ ಸಾಲು ಮೊದಲು ಎಂದು ತಿಳಿಯಲು ಜಗದೇವಪ್ಪನವರ ಮನೆಯಲ್ಲಿ ಕೆಂಪು ಬಟ್ಟೆ ಕಟ್ಟುತ್ತಿದ್ದರು. ಈ ಪುಣ್ಯಾತ್ಮ ಸಾಲು ಕಾಯಲೆಂದು ಕಟ್ಟಿದ್ದೂ ಅದೇ ಬಣ್ಣ! ಹೇಳಬೇಕಿದ್ದ ಸಾವ್ಕಾರರು ಮಗಳಿಗೆ ಒಂದು ಮಾತೂ ಹೇಳದೆ ಕಲಬುರಗಿಗೆ ಮದುವೆಗೆ ಹೋಗಿ ಕುಳಿತಿದ್ದರು.

ಅವನು ತಗ್ಗಿನ ಅಂಚಿಗೆ ಮೊಣಕಾಲೂರಿ, ಬರಿಗೈಯಲ್ಲಿ ಹುಳುಗಳ ರಾಶಿಯನ್ನು ಕೆದಕತೊಡಗಿದ.

"ಮೂರು ವರ್ಷದ ಕೆಲಸ ರೀ ಇದು..."

ಅವನ ಕಣ್ಣಲ್ಲಿ ನೀರು ಕಂಡಿತು. ಬಸವೇಶ್ವರಿಯ ಸಿಟ್ಟು ಎಲ್ಲಿ ಹೋಯಿತೋ ಅವಳಿಗೇ ತಿಳಿಯಲಿಲ್ಲ. ಅವಳೂ ಎದುರಿಗೆ ಕುಳಿತಳು.

"ಏನು ಹುಡುಕಬೇಕು ಹೇಳ್ರಿ."

"ಸಣ್ಣವು. ಬಣ್ಣಗೇಡಿ ಆದಂಥವು. ಮುಟ್ಟಿದ್ರೂ ಜಲ್ದಿ ಹೊರಳಂಗಿಲ್ಲ, ಅಂಥವು."

ಹೊತ್ತು ಇಳಿಯುವವರೆಗೆ ಇಬ್ಬರೂ ಸೇರಿ ನಲವತ್ತೊಂದು ಹುಳು ಆರಿಸಿದರು. ನಲವತ್ತೆರಡನೆಯದಕ್ಕೆ ಇಬ್ಬರ ಬೆರಳೂ ಒಟ್ಟಿಗೇ ಹೋದವು. ಬಸವೇಶ್ವರಿ ಕೈ ಹಿಂದೆಳೆದುಕೊಂಡಳು. ಆದರೆ ಎದೆ ಮಾತ್ರ ತನ್ನ ಪಾಡಿಗೆ ತಾನು ಹೊಡೆದುಕೊಳ್ಳುತ್ತಲೇ ಇತ್ತು...

* * *

ಅವನ ಹೆಸರು ಧಮ್ಮಪಾಲ. ಅಫಜಲಪುರ ತಾಲೂಕಿನ ಅತನೂರಿನವನು. ಆಳಂದದಲ್ಲಿ ಒಂದು ಬಾಡಿಗೆ ಕೋಣೆ ಹಿಡಿದು, ಅದರ ತುಂಬ ಡಬ್ಬಿಗಳಲ್ಲಿ ಕಣಜದ ಕೀಟ ಸಾಕಿ ಸಂಶೋಧನೆ ಮಾಡುತ್ತಿದ್ದ. ಆಳಂದ, ಅಫಜಲಪುರ, ಜೇವರ್ಗಿ, ಈ ಮೂರೂ ಕಡೆಯ ತೊಗರಿ ಹೊಲಗಳಿಂದ ಹುಳು ಒಯ್ಯುತ್ತಿದ್ದ.

ಮಂಗಳವಾರ, ಶನಿವಾರ ಅವನ ಬೈಕಿನ ಸದ್ದು ಕೇಳಿತೆಂದರೆ ಬಸವೇಶ್ವರಿಗೆ ಹೊಲದಲ್ಲಿ ಇಲ್ಲದ ಕೆಲಸ ಹುಟ್ಟಿಕೊಳ್ಳುತ್ತಿತ್ತು. ಕೆಲಸದ ಹೆಂಗಸರ ಮುಂದಾಳು ಸುಮಿತ್ರಾಬಾಯಿಗೆ ಇದು ಎರಡನೇ ವಾರಕ್ಕೇ ಗೊತ್ತಾಯಿತು. ಅವಳು ನಕ್ಕು ಸುಮ್ಮನಾದಳು.

ಒಂದು ದಿನ ಧಮ್ಮಪಾಲ ಒಂದು ಗಾಜಿನ ಡಬ್ಬಿಯನ್ನು ಅವಳ ಮುಂದೆ ಹಿಡಿದ. ಒಳಗೆ ಒಣಗಿದ ಹುಳುವಿನ ಪಕ್ಕ ಒಂದು ಪುಟ್ಟ ಗೂಡು. ಗೂಡಿನ ಮೇಲೆ ಸೊಳ್ಳೆಗಿಂತ ಸ್ವಲ್ಪ ದೊಡ್ಡದಾದ ಕಪ್ಪು ಕಣಜ ಮೀಸೆ ತೀಡುತ್ತಿತ್ತು.

"ನಾವು ಅವತ್ತು ಆರಿಸಿದ್ವಲ್ಲ, ಆ ಕೀಡಿಗೆ ಇದರವ್ವ ಚುಚ್ಚಿ ಒಳಗ ತತ್ತಿ ಇಟ್ಟಿತ್ತು. ಮರಿ ಒಳಗೊಳಗೇ ಕೀಡಿನ್ನ ತಿಂದು ಹೊರಗ ಬಂದದ."

"ಕೀಡಿ ಸುಮ್ನಿರ್ತದೇನ್ರಿ? ನಮಗ ಮುಳ್ಳು ಚುಚ್ಚಿದ್ರ ಸುತ್ತ ಕೀವು ಕಟ್ಟಿ ಹೊರಗ ಹಾಕ್ತದ ಮೈ."

ಅವನ ಕಣ್ಣು ಮಿನುಗಿತು. ಸರಿಯಾದ ಪ್ರಶ್ನೆ ಕೇಳಿದ್ದಳು!

"ಅಲ್ಲೇ ಇರೋದು ನೋಡ್ರಿ ಮಜಾ. ಕೀಡಿ ರಕ್ತಕ್ಕೂ ಆ ತತ್ತಿ ಸುತ್ತಿ ಕೊಲ್ಲೋ ಶಕ್ತಿ ಅದ. ಅದಕ್ಕೇ ತಾಯಿ ಕಣಜ ತತ್ತಿ ಜೋಡಿ ಒಂದು ವೈರಸ್ಸೂ ಚುಚ್ಚಿ ಬಿಡ್ತದ. ಆ ವೈರಸ್ಸು ಕೀಡಿ ಶಕ್ತಿ ಎಲ್ಲಾ ಉಡುಗಿಸ್ತದ."

"ವೈರಸ್ಸು ಎಲ್ಲಿಂದ ತರ್ತದ್ರಿ?"

"ತರೋದೇನಿಲ್ಲ. ಹುಟ್ಟಾ ಅದರ ಮೈಯೊಳಗೇ ಇರ್ತದ. ಕೋಟಿಗಟ್ಟಲೆ ವರ್ಷದ ಹಿಂದ ಯಾವುದೋ ಒಂದು ಮುತ್ತಜ್ಜಿ ಕಣಜಕ್ಕ ವೈರಸ್ಸು ಹತ್ತಿರಬೇಕು. ಅದು ತತ್ತಿಯೊಳಗಿನ ವಂಶವಾಹಿಗೇ ಹೋಗಿ ಸೇರ್ಕೊಂಡ್ತು. ಅಲ್ಲಿಂದ ಮಕ್ಳು, ಮೊಮ್ಮಕ್ಳು, ಮರಿಮಕ್ಳು... ಎಲ್ಲಾರಿಗೂ ಬಂತು. ಈಗ ಅದಕ್ಕ ಹೊರಗ ಒಂಟಿಯಾಗಿ ಬದುಕಾಕ ಬರಂಗಿಲ್ಲ. ಕಣಜಕ್ಕ ಅದಿಲ್ಲದ ಮರಿ ಉಳಿಸಾಕ ಬರಂಗಿಲ್ಲ."

"ಕಣಜಕ್ಕ ಜ್ವರಾ ಗಿರಾ ಬರಂಗಿಲ್ಲೇನು?"

"ಏನೂ ಆಗಂಗಿಲ್ಲ. ತನ್ನೊಳಗ ಅಂಥಾದ್ದೊಂದು ಅದ ಅಂತನೇ ಅದಕ್ಕ ಗೊತ್ತಿಲ್ಲ. ತ್ರಾಸಾಗೋದು ಚುಚ್ಚಿಸ್ಕೊಂಡೋರಿಗಷ್ಟೇ."

ಬಸವೇಶ್ವರಿ ಕೆನ್ನೆಗೆ ಕೈ ಕೊಟ್ಟು ಕೇಳಿದಳು. ನಿಜ ಹೇಳಬೇಕೆಂದರೆ ಕಣಜಕ್ಕಿಂತ ಹೆಚ್ಚಾಗಿ ಹೇಳುವವನ ಮುಖವನ್ನೇ ನೋಡಿದಳು. ಅವತ್ತು ಅವನ ಡಬ್ಬಿಯಿಂದ ಜೋಳದ ರೊಟ್ಟಿ ಮುರಿದು ತಿಂದಳು. ಒಂದೇ ಲೋಟದಲ್ಲಿ ಚಹಾ ಹಂಚಿಕೊಂಡರು.

'ನನಗೆ ಜಾತಿ ಗೀತಿ ಏನೂ ಇಲ್ಲ. ನಮ್ಮಪ್ಪ ಏನಾದರೂ ಅನ್ನಲಿ... ನಾನು ಬೇರೆ' ಎಂದುಕೊಂಡಳು. ಹಾಗೆ ಅಂದುಕೊಂಡಾಗ ತನ್ನ ಬಗ್ಗೆ ತನಗೇ ಹೆಮ್ಮೆಯಾಯಿತು.

* * *

ಡಿಸೆಂಬರ್ ಮುಗಿಯುತ್ತ ಬಂದಾಗ ಎರಡನೇ ಸಲ ಹುಳು ಬಿತ್ತು. ಊರಿನ ಹೆಂಗಸರು ಸಾಲದೆ ಅತನೂರಿನ ಕೇರಿಯಿಂದ ಟೆಂಪೋದಲ್ಲಿ ಎಂಟು ಜನ ಬಂದರು. ಅವರಲ್ಲಿ ಒಬ್ಬಳು ಮಾತ್ರ ಗಿಡ ಜಾಡಿಸುತ್ತ ಜಾಡಿಸುತ್ತ ಬಸವೇಶ್ವರಿಯನ್ನೇ ನೋಡುತ್ತಿದ್ದಳು. ಹಸಿರು ಸೀರೆ, ವಯಸ್ಸು ಐವತ್ತೈದರ ಮೇಲೆ, ಕಣ್ಣು ಮಾತ್ರ ಚುರುಕು.

"ಎಷ್ಟು ಓದೀರಿ ಯವ್ವಾ?"

"ಬಿ.ಎ. ಆಗ್ಯದ."

"ಸಿಟ್ಟು ಭಾಳ ಅದ ಅಂತಲ್ಲ ನಿಮಗ?"

"ಯಾರ್ ಹೇಳಿದ್ರು ನಿಮಗ?" ಬಸವೇಶ್ವರಿಗೆ ನಗು ಬಂತು. ಈ ಹೆಂಗಸು ಅವಳಿಗೆ ಹಿಡಿಸಿದ್ದಳು.

ಮಧ್ಯಾಹ್ನ ಎಲ್ಲರೂ ನೀರಿಗೆ ಬಂದರು. ಬಸವೇಶ್ವರಿ ಸುಮಿತ್ರಾಬಾಯಿಯ ಕೈಗೆ ತಂಬಿಗೆ ಕೊಟ್ಟಳು. ಅವಳು ಕುಡಿದು ಮರಳಿ ಕೊಟ್ಟಳು. ಆಮೇಲೆ ಅತನೂರಿನವರ ಸರದಿ. ಅವರು ಬಗ್ಗಿ ಬೊಗಸೆ ಒಡ್ಡಿದರು. ಬಸವೇಶ್ವರಿ ತಂಬಿಗೆ ಎತ್ತಿ ಹಿಡಿದು, ಮೇಲಿನಿಂದ ನೀರು ಸುರಿದಳು. ಆ ಹೆಂಗಸಿಗೂ ಹಾಗೇ ಸುರಿದಳು, ನಗುನಗುತ್ತಲೇ, ಮಾತಾಡುತ್ತಲೇ.

ನೀರು ಕುಡಿದ ಹೆಂಗಸು ಬಾಯಿ ಒರೆಸಿಕೊಂಡು ಒಂದು ಗಳಿಗೆ ಅವಳ ಮುಖ ನೋಡಿದಳು. ಮತ್ತೆ ಏನೂ ಕೇಳಲಿಲ್ಲ.

ಬದುವಿನ ಮೇಲೆ ಧಮ್ಮಪಾಲ ನಿಂತಿದ್ದ. ಯಾವಾಗ ಬಂದನೋ! ಬಸವೇಶ್ವರಿ ಕೈ ಬೀಸಿದಳು. ಅವನು ಬೀಸಲಿಲ್ಲ. ಕಟ್ಟಿದ್ದ ಬಟ್ಟೆಗಳನ್ನೆಲ್ಲ ಒಂದೊಂದಾಗಿ ಬಿಚ್ಚಿಕೊಂಡ, ಡಬ್ಬಿಗಳನ್ನು ಚೀಲಕ್ಕೆ ತುಂಬಿಕೊಂಡ, ಬೈಕು ಹತ್ತಿ ಹೊರಟೇಹೋದ.

"ಧಮ್ಮಪಾಲ್!... ಏನಾತ್ರಿ?"

ಧೂಳು ಮಾತ್ರ ಉಳಿಯಿತು.

ಒಂದು ದಿನ, ಎರಡು ದಿನ, ಒಂಬತ್ತು ದಿನ! ಫೋನ್ ಹೋಗುತ್ತಿತ್ತು, ಅವನು ಎತ್ತುತ್ತಿರಲಿಲ್ಲ. ಮೆಸೇಜಿಗೆ ನೀಲಿ ಗೆರೆ ಬೀಳುತ್ತಿತ್ತು, ಉತ್ತರ ಬರುತ್ತಿರಲಿಲ್ಲ. ಅವಳಿಗೆ ಊಟ ಸೇರದಾಯಿತು. ಬೇಕಾದ ಹುಳು ಸಿಕ್ಕ ಮೇಲೆ ನನ್ನ ಹಂಗೇನು ಅಂದುಕೊಂಡನೇ? ಬೇರೆ ಯಾರಾದರೂ ಇದ್ದಾಳೆಯೇ? ಮೋಸ... ಮೋಸವೇ ಸರಿ!

ಹತ್ತನೇ ದಿನ ಅವಳು ಜೇವರ್ಗಿಗೆ ಬಂದು ಬಸ್ಸು ಹಿಡಿದಳು. ಕಲಬುರಗಿಯಲ್ಲಿ ಇಳಿದು ಆಳಂದದ ಬಸ್ಸು ಹತ್ತಿದಳು.

* * *

ಕೋಣೆಯ ಬಾಗಿಲು ತೆರೆದೇ ಇತ್ತು. ಗೋಡೆಯ ತುಂಬ ಡಬ್ಬಿಗಳು, ಅವುಗಳಲ್ಲಿ ಕಣಜಗಳ ಸಣ್ಣ ಗುಂಯ್ ಸದ್ದು.

"ಮುಖ ನೋಡಿ ಹೇಳ್ರಿ! ಬ್ಯಾಡಾದ್ರ ಬ್ಯಾಡ ಅಂತ ಹೇಳ್ರಿ. ಹಿಂಗ ಜೀವ ತಿನ್ನಬ್ಯಾಡ್ರಿ!" ಅವಳು ಕೂಗಿಯೇಬಿಟ್ಟಳು.

ಧಮ್ಮಪಾಲ ಕುರ್ಚಿಯಿಂದ ಎದ್ದ. ಮುಖ ಬಾಡಿತ್ತು, ಗಡ್ಡ ಬೆಳೆದಿತ್ತು.

"ಅವತ್ತು ನೀವು ನೀರು ಸುರುವಿದ್ರಲ್ಲ... ಹಸರು ಸೀರಿ ಉಟ್ಟಾಕಿ. ಆಕಿ ಚಂದಮ್ಮ. ನಮ್ಮವ್ವ."

ಬಸವೇಶ್ವರಿ ಬಾಗಿಲ ಚೌಕಟ್ಟು ಹಿಡಿದುಕೊಂಡಳು.

"ನಾ ನಿಮ್ಮ ಬಗ್ಗೆ ಹೇಳಿದ್ದೆ. ನನಗೂ ಹೇಳದ ಟೆಂಪೋ ಹತ್ತಿ ಬಂದಿದ್ಲು, ಹುಡುಗಿ ಹ್ಯಾಂಗದಾಳ ನೋಡಾಕ."

"ಅಯ್ಯೋ! ನನಗ್ ಗೊತ್ತಿರ್ಲಿಲ್ರಿ... ನಿಮ್ಮವ್ವ ಅಂತ ಖರೇನ ಗೊತ್ತಿರ್ಲಿಲ್ಲ! ಗೊತ್ತಿದ್ರ ಹಂಗ ಮಾಡ್ತಿದ್ನೇನು?"

ಅವನು ನೇರವಾಗಿ ಅವಳತ್ತ ನೋಡಿದ.

"ಆಕಿ ನಮ್ಮವ್ವ ಅಲ್ಲದಿದ್ರ?"

ಬಸವೇಶ್ವರಿಯ ತಲೆ ತಗ್ಗಿತು.

"ಉಳದ ಏಳು ಮಂದೀನೂ ಯಾರ್ದೋ ಅವ್ವಂದಿರೇ ಅಲ್ಲೇನ್ರಿ? ನನ್ನ ಡಬ್ಬಿಯೊಳಗಿನ ರೊಟ್ಟಿ ತಿಂದ್ರಿ. ನಾ ಎಷ್ಟು ಖುಷಿ ಪಟ್ಟಿದ್ದೆ ಗೊತ್ತದೇನು... ಹೋಗ್ರಿ ಬಸವೇಶ್ವರಿ. ಬಸ್ಸು ತಪ್ತದ."

* * *

ಮನೆಗೆ ಬಂದು ಅವಳು ಅತ್ತಳು. ಅತ್ತು ಮುಗಿದ ಮೇಲೆ ತನ್ನ ಬಲಗೈ ನೋಡಿಕೊಂಡಳು. ಯಾರೂ ಹೇಳಿರಲಿಲ್ಲ. ಅವರನ್ನು ಕಂಡರೆ ಅಸಹ್ಯವೂ ಇರಲಿಲ್ಲ. ಆದರೂ ಈ ಕೈ ತಾನಾಗಿ ಮೇಲೆದ್ದಿತ್ತು!

ತಾಯಿ ಹೀರಾಬಾಯಿ ಪಕ್ಕದಲ್ಲಿ ಅವರೆ ಸುಲಿಯುತ್ತ ಕುಳಿತಿದ್ದಳು.

"ಅವ್ವಾ, ಕೂಲಿ ಹೆಂಗಸರಿಗೆ ಮ್ಯಾಲಿಂದ ನೀರು ಹಾಕೋದು ನನಗ ಯಾವಾಗ ಕಲಿಸಿದಿ?"

"ನಾ ಎಲ್ಲಿ ಕಲಿಸೀನಿ? ನಾ ಮಾಡೋದು ನೋಡಿದಿ, ಮಾಡಿದಿ."

"ನಿನಗ್ಯಾರು ಕಲಿಸಿದ್ರು?"

ಹೀರಾಬಾಯಿಯ ಕೈ ನಿಂತಿತು. "ನನಗೂ ಯಾರೂ ಕಲಿಸಿಲ್ಲ ನೋಡು. ನಮ್ಮವ್ವ ಹಂಗ ಮಾಡ್ತಿದ್ಲು..."

ಬಸವೇಶ್ವರಿ ತಾಯಿಗೆ ಎಲ್ಲವನ್ನೂ ಹೇಳಿದಳು. ಧಮ್ಮಪಾಲನ ವಿಷಯ ಹೇಳಿದಳು, ಚಂದಮ್ಮನ ವಿಷಯ ಹೇಳಿದಳು. ಕೊನೆಗೆ ಕಣಜದ ಕಥೆಯನ್ನೂ ಹೇಳಿದಳು.

"ಅದಕ್ಕ ಗೊತ್ತೇ ಇಲ್ಲಂತವ್ವಾ, ತನ್ನೊಳಗ ಏನದ ಅಂತ. ಹುಟ್ಟಾ ಬಂದದ್ದು. ತ್ರಾಸು ಆಗೋದು ಬರೀ ಚುಚ್ಚಿಸ್ಕೊಂಡೋರಿಗೆ. ನಾ... ನಾನೂ ಅದೇ ಅದೀನಲ್ಲವ್ವಾ!"

ಹೀರಾಬಾಯಿ ಸುಲಿದ ಕಾಳಿಗೆ ಸಿಪ್ಪೆ ಬೆರೆಸಿ, ಸಿಪ್ಪೆಯ ರಾಶಿಗೆ ಕಾಳು ಹಾಕುತ್ತ ಕುಳಿತಳು.

ಮರುದಿನ ಅತನೂರಿನ ಟೆಂಪೋ ಮತ್ತೆ ಬಂತು. ಚಂದಮ್ಮ ಇರಲಿಲ್ಲ. ಮಧ್ಯಾಹ್ನ ಹೆಂಗಸರು ಬಗ್ಗಿ ಬೊಗಸೆ ಒಡ್ಡಿದರು. ಬಸವೇಶ್ವರಿಯ ಕೈ ಮತ್ತೆ ಮೇಲೆದ್ದಿತು! ಬೆಚ್ಚಿ ಇಳಿಸಿದಳು. ತಂಬಿಗೆಯನ್ನು ಮೊದಲನೆಯವಳ ಕೈಗೆ ಕೊಟ್ಟಳು.

"ಬ್ಯಾಡ್ರಿ ಅಕ್ಕೋರ... ಸಾವ್ಕಾರು ನೋಡಿದ್ರ ನಮಗ ಕೆಲಸ ಇರಂಗಿಲ್ಲ" ಎಂದಳು ಆ ಹೆಂಗಸು, ಹೆದರಿ.

"ಕೆಲಸಕ್ಕ ನಾ ಜವಾಬ್ದಾರಿ. ಹಿಡೀರಿ."

ಅವಳು ಕುಡಿದಳು. ಏಳೂ ಜನ ಕುಡಿದರು. ಕೊನೆಗೆ ಅದೇ ತಂಬಿಗೆಯಿಂದ ಬಸವೇಶ್ವರಿ ತಾನೂ ಕುಡಿದು ಕೆಳಗಿಡುವಾಗ, ಎದುರಿಗೆ ಅಪ್ಪ ನಿಂತಿದ್ದರು.

"ಮನಿಗೆ ನಡಿ" ಎಂದರು ಜಗದೇವಪ್ಪ.

* * *

ಅಪ್ಪ ಕೇಳುವ ಮೊದಲೇ ಅವಳು ಹೇಳಿಬಿಟ್ಟಳು. "ಅಪ್ಪಾ, ನಾ ಧಮ್ಮಪಾಲ್‌ಗ ಮದುವಿ ಆಗ್ಬೇಕಂತೀನಿ. ಅವರು ಒಪ್ತಾರೋ ಇಲ್ಲೋ ಗೊತ್ತಿಲ್ಲ. ನಿಮ್ಮ ಮುಂದ ಹೇಳದ ಅವರ ಮುಂದ ಹೋಗಿ ನಿಲ್ಲಾಕ ನನಗ ಮಾರಿ ಇಲ್ಲ."

"ಆ ಹುಡುಗ ಶಾಣ್ಯಾ ಅದಾನ. ಹೊಲಕ್ಕ ಬರಲಿ, ನಾ ಬ್ಯಾಡ ಅಂದೀನೇನು? ಆದ್ರ ಮನಿ ಅಳಿಯ... ನಾ ಊರಾಗ ತಲಿ ಎತ್ತಿ ಹ್ಯಾಂಗ ತಿರಗ್ಲಿ?"

"ದಿನಾ ಮುಂಜಾನಿ ಲಿಂಗಪೂಜಿ ಮುಗಿಸಿ ವಚನ ಓದ್ತೀರಿ. ನನಗ ಬಸವೇಶ್ವರಿ ಅಂತ ಹೆಸರಿಟ್ಟೋರು ನೀವೇ. ಯಾಕ ಇಟ್ರಿ ಅಪ್ಪಾ?"

ಜಗದೇವಪ್ಪನವರ ಮುಖ ಕೆಂಪೇರಿತು.

"ಹೊಸ್ತಿಲ ದಾಟಿದ್ರ ತಿರುಗಿ ಬರಬ್ಯಾಡ!"

ಬಸವೇಶ್ವರಿ ಕಣ್ಣೊರೆಸಿಕೊಂಡು ಎದ್ದಳು. ಅಷ್ಟರಲ್ಲಿ ಒಳಗಿನಿಂದ ಹೀರಾಬಾಯಿ ಬಂದಳು. ಮಡಚಿಟ್ಟಿದ್ದ ಇಳಕಲ್ ಸೀರೆ ಉಟ್ಟಿದ್ದಳು, ಕಾಲಿಗೆ ಚಪ್ಪಲಿ ಮೆಟ್ಟುತ್ತಿದ್ದಳು.

"ನೀ ಎಲ್ಲಿಗೆ?" ಜಗದೇವಪ್ಪ ದಂಗಾದರು.

"ಅತನೂರಿಗೆ. ಆಕಿ ಒಬ್ಬಾಕಿನೇ ಹೋದ್ರ ಓಡಿ ಹೋದ್ಲು ಅಂತಾರ. ನಾ ಜೋಡಿ ಹೋದ್ರ ಬೀಗತನ ಕೇಳಾಕ ಹೋದ್ರು ಅಂತಾರ. ತಿರುಗಿ ಬರಬ್ಯಾಡ ಅಂದ್ರಲ್ಲ... ನನಗೂ ಸೇರಿಸೇ ಅಂದ್ರೇನು?"

ಮೂವತ್ತೆರಡು ವರ್ಷ ಆ ಹೆಂಡತಿಯ ಕೈಯಡಿಗೆ ಉಂಡವರು ಜಗದೇವಪ್ಪ. ಕಂಬ ಹಿಡಿದು ನಿಂತೇ ಇದ್ದರು. ಹೌದು ಎನ್ನಲಿಲ್ಲ. ತಾಯಿ ಮಗಳು ಬೀದಿ ತಿರುಗುವವರೆಗೂ ಅವರಿಗೆ ಅಲ್ಲ ಎನ್ನಲೂ ಆಗಲಿಲ್ಲ.

* * *

ಅತನೂರಿನಲ್ಲಿ ಚಂದಮ್ಮನ ಮನೆ ಹುಡುಕುವುದು ಕಷ್ಟವಾಗಲಿಲ್ಲ. ಅಂದು ಭಾನುವಾರ, ಧಮ್ಮಪಾಲನೂ ಊರಿಗೆ ಬಂದಿದ್ದ. ಇಬ್ಬರನ್ನೂ ಬಾಗಿಲಲ್ಲಿ ಕಂಡು ಅವನು ಗೋಡೆಗೆ ಆನಿಕೊಂಡ.

ಬಸವೇಶ್ವರಿ ಚಂದಮ್ಮನ ಎದುರು ನೆಲದ ಮೇಲೆ ಕುಳಿತಳು.

"ತಪ್ಪಾತ್ರಿ. ನೀವು ಅವರವ್ವ ಅಂತ ಹೇಳಾಕತ್ತಿಲ್ಲ. ನನ್ನ ಕೈಯಾಗಿಂದ ಹಂಗ ನೀರು ಕುಡದ ಎಲ್ಲಾರಿಗೂ ತಪ್ಪು ಮಾಡೀನಿ."

ಚಂದಮ್ಮ ಸೆರಗು ಸರಿಮಾಡಿಕೊಂಡಳು.

"ಅವತ್ತು ನಿನ್ನ ಮಾರ್ಯಾಗ ಹೇಸಿಗಿ ಇರ್ಲಿಲ್ಲ ನೋಡವ್ವಾ. ನಕ್ಕೋತ, ಮಾತಾಡಕೋತ ಸುರುವಿದಿ. ಅದೇ ನನ್ನ ಮನಸಿಗೆ ಭಾಳ ಹತ್ತಿತು. ನನ್ನ ಮಗನೂ ಈಕಿ ಮನ್ಯಾಗ ಹಿಂಗೇ ಬೊಗಸಿ ಹಿಡೀಬೇಕೇನು ಅನ್ನಿಸ್ತು."

ಬಸವೇಶ್ವರಿಯ ಕಣ್ಣಿಂದ ನೀರು ಇಳಿಯಿತು.

"ತಪ್ಪಾತು ಅಂದಿ, ಕೇಳೀನಿ. ಲಗೂನ ಮಾಫ್ ಮಾಡಿ ನಿನ್ನ ಹಗುರ ಮಾಡಂಗಿಲ್ಲ. ಸ್ವಲ್ಪ ದಿನ ಹೊತ್ಕೊಂಡು ತಿರುಗು. ಆದ್ರ ಬಂದಿ... ತಾಯಿನ್ನೂ ಕರ್ಕೊಂಡು ಬಂದಿ. ಅದೂ ನೋಡೀನಿ."

ಎದ್ದು ಒಳಗೆ ಹೋಗಿ, ಎರಡು ಕಪ್ಪು ಚಹಾ ತಂದು ಹೀರಾಬಾಯಿಯ ಮುಂದೊಂದು, ಬಸವೇಶ್ವರಿಯ ಮುಂದೊಂದು ಇಟ್ಟಳು.

ಬಸವೇಶ್ವರಿ ಕುಡಿದಳು. ಹೀರಾಬಾಯಿ ಕಪ್ಪು ಎತ್ತಿದಳು. ಕಪ್ಪು ಎದೆಯವರೆಗೆ ಬಂದು ನಿಂತುಬಿಟ್ಟಿತು! ಕಪ್ಪಿನ ಕೆಳಗಿನ ಬಸಿಗೆ ಚಹಾ ತುಳುಕಿತು. ಧಮ್ಮಪಾಲ ಮುಖ ತಿರುಗಿಸಿದ. ಬಸವೇಶ್ವರಿ ತಾಯಿಯತ್ತ ತಿರುಗಿದಳು. ಅವ್ವಾ... ಇಷ್ಟು ದೂರ ಬಂದು...!

"ನನ್ನ ಕೈ ನನ್ನ ಮಾತು ಕೇಳವಲ್ದು" ಎಂದಳು ಹೀರಾಬಾಯಿ, ಅಳುವ ದನಿಯಲ್ಲಿ. "ಐವತ್ತು ವರ್ಷದ ಕೈ ರೀ ಇದು..."

ಯಾರೂ ಅವಸರ ಮಾಡಲಿಲ್ಲ. ಚಂದಮ್ಮ ಕಣ್ಣು ತೆಗೆಯದೆ ನೋಡುತ್ತಿದ್ದಳು. ಹೀರಾಬಾಯಿ ಎಡಗೈಯನ್ನೂ ಸೇರಿಸಿ ಕಪ್ಪು ಹಿಡಿದಳು, ಕಣ್ಣು ಮುಚ್ಚಿ ಗುಟುಕರಿಸಿದಳು. ಇನ್ನೊಂದು ಗುಟುಕು. ಮತ್ತೊಂದು. ಆಮೇಲೆ ಕಣ್ಣು ಬಿಟ್ಟು, ಕಪ್ಪಿನೊಳಗೆ ನೋಡಿದಳು.

"ಸಕ್ಕರಿ ಕಡಿಮಿ ಆಗ್ಯದ ನೋಡ್ರಿ."

ಮರುಗಳಿಗೆ ಚಂದಮ್ಮ ಬಿದ್ದು ಬಿದ್ದು ನಕ್ಕಳು!

"ಏ ಯಪ್ಪಾ! ಇನ್ನೂ ಬೀಗತಿ ಆಗಿಲ್ಲ, ಆಗ್ಲೇ ನನ್ನ ಚಹಾಕ್ಕ ಕೊಂಕು ತಗ್ಯಾಕ ಹತ್ತಿದ್ಲಲ್ಲೋ ಈಕಿ!"

ಸಕ್ಕರೆ ಡಬ್ಬಿ ಬಂತು. ಹೆಂಗಸರಿಬ್ಬರ ಮಾತು ಮೊಣಕಾಲು ನೋವಿಗೆ ಹೊರಳಿತು.

ಬಸವೇಶ್ವರಿ ಹೊರಗೆ ಬಂದು ಕಟ್ಟೆಯ ಮೇಲೆ ಕುಳಿತಳು. ಹಿಂದಿನಿಂದ ಧಮ್ಮಪಾಲ ಬಂದ. ನಡುವೆ ಒಂದು ಮೊಳ ಜಾಗ ಬಿಟ್ಟು ಕುಳಿತ.

"ನಮ್ಮಪ್ಪ ಒಪ್ಪಿಲ್ರಿ" ಎಂದಳು.

"ಗೊತ್ತದ."

"ಇವತ್ತ ಹೊಲದಾಗ ನನ್ನ ಕೈ ಮತ್ತ ತಾನೇ ಮ್ಯಾಲೆ ಎದ್ದಿತ್ತು. ಇಳಿಸೀನಿ, ಖರೇ. ಆದ್ರ ಎದ್ದಿತ್ತು. ನಿಮ್ಮ ಕಣಜದ ಹಂಗ ನನಗೂ ಇದು ಹುಟ್ಟಾ ಬಂದದ. ಇದನ್ನ ಮುಚ್ಚಿಟ್ಟು ನಿಮ್ಮ ಜೋಡಿ ಬದುಕಾಕ ನನಗ ಆಗಂಗಿಲ್ಲ."

ಅವನು ಅವಳತ್ತ ತಿರುಗಿದ. "ಕಣಜಕ್ಕ ಕೈ ಇಳಿಸಾಕ ಬರಂಗಿಲ್ಲ ಬಸವೇಶ್ವರಿ. ಮತ್ತ ಎದ್ರ ನಾ ಹೇಳ್ತೇನಿ. ನಿಮಗ ಸಿಟ್ಟು ಬಂದ್ರೂ ಹೇಳ್ತೇನಿ."

"ಹೇಳ್ರಿ... ಸಾಯೋತನಕ ಹೇಳ್ರಿ. ನಾ ನಿಮ್ಮನ್ನ ಭಾಳ ಪ್ರೀತಿ ಮಾಡ್ತೇನಿ ಧಮ್ಮಪಾಲ್." ಅವಳ ದನಿ ಒಡೆಯಿತು. "ನನ್ನ ಮ್ಯಾಲ ಸಿಟ್ಟು ಇನ್ನೂ ಅದೇನು?"

"ಅದ."

"ಎಷ್ಟದ?"

ಅವನು ಆ ಒಂದು ಮೊಳ ಜಾಗವನ್ನು ಸರಿದು ಬಂದು, ಅವಳ ಬಲಗೈಯನ್ನು ತನ್ನ ಎರಡೂ ಕೈಯಲ್ಲಿ ಹಿಡಿದುಕೊಂಡ.

"ಮದುವಿಗೆ ಅಡ್ಡ ಬರೋವಷ್ಟು ಇಲ್ಲ."